ಬೆಳ್ಳಿತೆರೆಯ ಉಪಾಸಕರು

ಪ್ರೀತಿಯಿದ್ದಲ್ಲಿ ನಿಯಮವಿರುತ್ತದೆ, ನಿಯಮವಿದ್ದಲ್ಲಿ ಅಷ್ಟಿಷ್ಟು ವಿಚಿತ್ರವೂ ಇರುತ್ತದೆ. ಸಂಗೀತಪ್ರಿಯನು ಕಚೇರಿಗೆ ಹೋದರೆ ನಿಶ್ಚಿಂತೆಯಿಂದ ತಾಳ ಹಾಕಲು ಅನುಕೂಲವಾದ ಮೂಲೆಯನ್ನೇ ಹುಡುಕುತ್ತಾನೆ. ಪುಸ್ತಕಪ್ರಿಯನು ಹೊಸ ಪುಸ್ತಕ ಕೈಗೆ ಬಂದೊಡನೆ ಓದುವುದಕ್ಕೆ ಮೊದಲು ಅದನ್ನು ಮೂಸಿ ನೋಡುತ್ತಾನೆ. ಕಾಫಿಪ್ರಿಯನಿಗೆ ತನ್ನ ಲೋಟವೇ ಆಗಬೇಕು. ಬೇರೊಂದು ಲೋಟದಲ್ಲಿ ಕೊಟ್ಟರೆ, ಡಿಕಾಕ್ಷನ್ನು ಅದೇ, ಹಾಲು ಅದೇ ಆಗಿದ್ದರೂ, ರುಚಿ ಕೆಟ್ಟಿತೆಂದು ಮುಖ ಸಿಂಡರಿಸುತ್ತಾನೆ. ನೋಡುವವರಿಗೆ ಇವೆಲ್ಲ ನಗೆಯ ಸಂಗತಿಗಳು, ಆಚರಿಸುವವರಿಗೆ ವ್ರತಗಳು. ಇಂತಹ ವ್ರತಸ್ಥರ ಪಂಕ್ತಿಯಲ್ಲಿ ಸಿನಿಮಾಪ್ರಿಯರಿಗೆ ಮೊದಲ ಎಲೆಯನ್ನೇ ಹಾಕಬೇಕು.

ಸಿನಿಮಾ ವಯಸ್ಸಿನಲ್ಲಿ ಚಿಕ್ಕ ಕಲೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ ನಗರದಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರ ಮುಂದೆ ಚಲಿಸುವ ಚಿತ್ರಗಳನ್ನು ತೋರಿಸಿದರು. ಏಳು ತಿಂಗಳು ತುಂಬುವುದರೊಳಗೆ, 1896ರ ಜುಲೈ 7ರಂದು, ಆ ಬೆರಗು ಮುಂಬಯಿಗೂ ಬಂದಿತು. ನಾಟಕಕ್ಕೆ, ಯಕ್ಷಗಾನಕ್ಕೆ, ಹರಿಕಥೆಗೆ ತಲೆತಲಾಂತರದಿಂದ ಬಂದ ಪದ್ಧತಿಗಳಿದ್ದವು. ಅವನ್ನು ಎಲ್ಲಿ ಕುಳಿತು ನೋಡಬೇಕು, ಯಾವಾಗ ಕೈಮುಗಿಯಬೇಕು, ಯಾವಾಗ ಏಳಬೇಕು ಎಂಬುದನ್ನು ಹಿರಿಯರಿಂದ ಕಿರಿಯರು ಕಲಿಯುತ್ತಿದ್ದರು. ಸಿನಿಮಾಕ್ಕೆ ಅಂತಹ ಪರಂಪರೆಯಿರಲಿಲ್ಲ. ಆದುದರಿಂದ ಪ್ರೇಕ್ಷಕರು ತಮ್ಮ ಆಚಾರಗಳನ್ನು ತಾವೇ ಕಟ್ಟಿಕೊಂಡರು.

ಕರ್ನಾಟಕದ ಹಳ್ಳಿಗಳಲ್ಲಿ ಈ ಆಚಾರಗಳು ಬೆಳೆದದ್ದು ಟೂರಿಂಗ್ ಟಾಕೀಸಿನ ಡೇರೆಯೊಳಗೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಊರ ಹೊರಗಣ ಬಯಲಿನಲ್ಲಿ ಡೇರೆ ಏಳುತ್ತಿತ್ತು. ಸಂಜೆಯಾದೊಡನೆ ಧ್ವನಿವರ್ಧಕದಿಂದ ಭಕ್ತಿಗೀತೆ ಹೊರಡುತ್ತಿತ್ತು. ಮೊದಲ ಹಾಡಿಗೆ ದನಗಳು ಕೊಟ್ಟಿಗೆ ಸೇರಬೇಕು, ಎರಡನೆಯದಕ್ಕೆ ಒಲೆಯ ಮೇಲಿನ ಮುದ್ದೆ ಇಳಿಯಬೇಕು, ಕೊನೆಯ ಹಾಡು ಮುಗಿಯುವುದರೊಳಗೆ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಡೇರೆಯ ಬಾಗಿಲು ಮುಟ್ಟಬೇಕು: ಹೀಗೆ ಹಳ್ಳಿಯ ಸಂಸಾರವೇ ಆ ಹಾಡುಗಳ ಲೆಕ್ಕಕ್ಕೆ ಓಡಾಡುತ್ತಿತ್ತು. ನೆಲದ ಮೇಲೆ ಕುಳಿತು ನೋಡುವವರು ಮುಂದಿನವರ ತಲೆ ಅಡ್ಡಬಾರದೆಂದು ಮರಳನ್ನು ಗೋಪುರದಂತೆ ಒಟ್ಟಿ ಅದರ ಮೇಲೆ ಕೂರುತ್ತಿದ್ದರು. ಹಿಂದಿನವನು ಗದರಿಸಿದರೆ ಅವನೂ ಒಂದು ಗೋಪುರ ಕಟ್ಟಿಕೊಳ್ಳುತ್ತಿದ್ದನು. ಒಂದೇ ಯಂತ್ರವಿದ್ದ ಡೇರೆಯಲ್ಲಿ ರೀಲು ಬದಲಾಯಿಸಲು ಪ್ರತಿಸಲವೂ ಆಟವನ್ನು ನಿಲ್ಲಿಸಬೇಕಾಗುತ್ತಿತ್ತು. ಆ ಬಿಡುವಿನಲ್ಲಿ ಕಡಲೆಕಾಯಿ ಸುಲಿಯುತ್ತ, ಮುಂದೇನಾಗುವುದೆಂದು ಪಂದ್ಯ ಕಟ್ಟುವುದೂ ಆಟದ ಭಾಗವೇ ಆಗಿದ್ದಿತು. ಪೌರಾಣಿಕ ಚಿತ್ರದಲ್ಲಿ ದೇವರು ಪ್ರತ್ಯಕ್ಷನಾದಾಗ ತೆರೆಯ ಮುಂದೆ ತೆಂಗಿನಕಾಯಿ ಒಡೆದವರುಂಟು, ಕರ್ಪೂರ ಬೆಳಗಿದವರುಂಟು, ತೆರೆಯತ್ತ ಕಾಸು ತೂರಿದವರುಂಟು.

ಪಟ್ಟಣದ ಚಿತ್ರಮಂದಿರಗಳಲ್ಲಿ ಈ ಸಾಮೂಹಿಕ ಆಚಾರಗಳ ಜೊತೆಗೆ ಒಬ್ಬೊಬ್ಬರ ಸ್ವಂತ ನೇಮಗಳೂ ಸೇರಿಕೊಂಡವು. ಒಬ್ಬನಿಗೆ ಮೊದಲ ದಿನದ ಮೊದಲ ಆಟವೇ ಆಗಬೇಕು. ಎರಡನೆಯ ಆಟವಾದರೆ ಚಿತ್ರವು ತಂಗಳಾಯಿತೆಂಬ ಭಾವನೆ. ಇನ್ನೊಬ್ಬನಿಗೆ ಗಾಂಧಿ ಕ್ಲಾಸಿನ ಮುಂದಿನ ಸಾಲಿನಲ್ಲಿ ಕುಳಿತು ಕತ್ತು ಮೇಲೆತ್ತಿ ನೋಡಿದರೇ ತೃಪ್ತಿ. ಬಾಲ್ಕನಿಯ ಟಿಕೆಟನ್ನು ಬಿಟ್ಟಿಯಾಗಿ ಕೊಟ್ಟರೂ ಅವನಿಗೆ ಬೇಡ. ಮತ್ತೊಬ್ಬನು ಹೆಸರುಗಳು ಮೂಡುವ ಮೊದಲೇ ಒಳಗಿರಬೇಕು. ಒಂದು ನಿಮಿಷ ತಡವಾದರೂ ಟಿಕೆಟನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹಿಂದಿರುಗುತ್ತಾನೆಯೇ ಹೊರತು ನಡುವಿನಿಂದ ನೋಡುವುದಿಲ್ಲ. ಕಥೆಯನ್ನು ಯಾರಾದರೂ ಮೊದಲೇ ಹೇಳಿಬಿಟ್ಟಾರೆಂದು ಚಿತ್ರ ನೋಡುವವರೆಗೆ ಸ್ನೇಹಿತರ ಸಹವಾಸವನ್ನೇ ಬಿಟ್ಟವರೂ ಉಂಟು. ಹರಿದ ಟಿಕೆಟಿನ ಅರ್ಧಭಾಗವನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಡುವವರು, ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ವರ್ಷವಾರು ಜೋಡಿಸಿ ಹೊಲಿಸಿಡುವವರು, ನೋಡಿದ ಚಿತ್ರಗಳ ತೇದಿಯನ್ನು ದಿನಚರಿಯಲ್ಲಿ ಬರೆದಿಡುವವರು ಪ್ರತಿಯೊಂದು ಊರಿನಲ್ಲಿಯೂ ಇದ್ದರು.

ಈ ಉಪಾಸಕರಲ್ಲಿ ಕೆಲವರು ಚಿತ್ರವನ್ನಷ್ಟೇ ಅಲ್ಲದೆ ಅದನ್ನು ತೋರಿಸುವ ಯಂತ್ರದ ಗುಟ್ಟನ್ನೂ ಬಲ್ಲವರು. ಫಿಲ್ಮಿನ ಕಾಲದಲ್ಲಿ ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತಿತ್ತು. ಅದು ಮುಗಿಯುವ ಮುನ್ನ ತೆರೆಯ ಮೇಲ್ಭಾಗದಲ್ಲಿ, ಬಲಮೂಲೆಯಲ್ಲಿ, ಒಂದು ಚಿಕ್ಕ ಚುಕ್ಕೆ ಕ್ಷಣಕಾಲ ಮಿನುಗಿ ಮಾಯವಾಗುತ್ತಿತ್ತು. ಕೆಲವು ಸೆಕೆಂಡುಗಳ ಅನಂತರ ಮತ್ತೊಂದು. ಮೊದಲನೆಯದು ಎರಡನೆಯ ಯಂತ್ರವನ್ನು ಓಡಿಸಲು ನಿರ್ವಾಹಕನಿಗೆ ಸೂಚನೆ. ಎರಡನೆಯದು ಬೆಳಕನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಬದಲಾಯಿಸಲು ಸೂಚನೆ. ಸಾವಿರ ಮಂದಿ ಕುಳಿತ ಸಭಾಂಗಣದಲ್ಲಿ ಆ ಚುಕ್ಕೆಯನ್ನು ಕಂಡವರು ಬೆರಳೆಣಿಕೆಯಷ್ಟು. ಆದರೆ ನಿಜವಾದ ವ್ರತಸ್ಥನು ಅದನ್ನು ಒಮ್ಮೆಯೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಇಂತಹ ನಡವಳಿಕೆಯನ್ನು ಮನೆಯ ಹಿರಿಯರು ‘ಸಿನಿಮಾ ಹುಚ್ಚು’ ಎಂಬ ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಪಾಠ ಬಿಟ್ಟು, ಊಟ ಬಿಟ್ಟು, ಸಾಲ ಮಾಡಿ ಚಿತ್ರ ನೋಡಿದವರ ಕಥೆಗಳು ಅವರಿಗೆ ಗೊತ್ತಿದ್ದವು. ಆದರೆ ಹುಚ್ಚು ಎಂಬ ಮಾತಿನಿಂದ ವಿಷಯವು ಪೂರ್ತಿಯಾಗಿ ಮುಗಿಯುವುದಿಲ್ಲ. ಒಂದೇ ಬಗೆಯ ಹುಚ್ಚು ಒಬ್ಬನನ್ನು ಕೆಡಿಸಿದರೆ ಇನ್ನೊಬ್ಬನಿಗೆ ವಿದ್ಯೆಯನ್ನು ಕಲಿಸುವುದುಂಟು. ಹೀಗೇಕೆ ಆಗುತ್ತದೆಂಬುದನ್ನು ಕೆಲವು ಪ್ರಸಿದ್ಧ ಪ್ರೇಕ್ಷಕರ ಬಾಳಿನಿಂದ ತಿಳಿಯಬಹುದು.

ಕಲ್ಕತ್ತೆಯ ಸತ್ಯಜಿತ್ ರಾಯ್ ಅವರು ಚಿಕ್ಕಂದಿನಲ್ಲಿಯೇ ತಾವು ನೋಡಿದ ಚಿತ್ರಗಳಿಗೆ ನಕ್ಷತ್ರಗಳ ಗುರುತು ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯುವಕರಾದ ಮೇಲೆ ಕತ್ತಲೆಯಲ್ಲಿ ಕುಳಿತೇ ಟಿಪ್ಪಣಿ ಗೀಚಿಕೊಳ್ಳುವ ಅಭ್ಯಾಸ ಬೆಳೆಯಿತು. ದೃಶ್ಯವನ್ನು ಎಲ್ಲಿ ಕತ್ತರಿಸಿದ್ದಾರೆ, ಮುಂದಿನದಕ್ಕೆ ಹೇಗೆ ಜೋಡಿಸಿದ್ದಾರೆ ಎಂಬುದೇ ಆ ಟಿಪ್ಪಣಿಗಳ ವಿಷಯ. ಅವರ ಮತ್ತೊಂದು ನೇಮವು ಇನ್ನೂ ವಿಲಕ್ಷಣವಾದದ್ದು. ಯಾವುದಾದರೂ ಕಥೆಯನ್ನು ಚಿತ್ರವಾಗಿ ಮಾಡಲಿದ್ದಾರೆಂಬ ಸುದ್ದಿ ಬಂದರೆ, ಅದಕ್ಕೆ ತಾವೇ ಒಂದು ಚಿತ್ರಕಥೆಯನ್ನು ಬರೆದಿಟ್ಟುಕೊಳ್ಳುವರು; ಚಿತ್ರ ಬಿಡುಗಡೆಯಾದ ಮೇಲೆ ನೋಡಿ, ತಮ್ಮ ಬರಹಕ್ಕೂ ತೆರೆಯ ಮೇಲಿನದಕ್ಕೂ ಇರುವ ಅಂತರವನ್ನು ತೂಗುವರು. ಗುರುವಿಲ್ಲದ ಪಾಠಶಾಲೆಯಲ್ಲಿ ತಾವೇ ಪ್ರಶ್ನೆ ಬರೆದು ತಾವೇ ಉತ್ತರ ತಿದ್ದಿಕೊಂಡಂತೆ ಇದು. 1947ರಲ್ಲಿ ಗೆಳೆಯರೊಡನೆ ಅವರು ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದರು. 1950ರಲ್ಲಿ ಕೆಲಸದ ನಿಮಿತ್ತ ಲಂಡನ್ನಿಗೆ ಹೋದಾಗ ಕೆಲವೇ ತಿಂಗಳುಗಳಲ್ಲಿ ಸುಮಾರು ನೂರು ಚಿತ್ರಗಳನ್ನು ನೋಡಿದರು. 1955ರಲ್ಲಿ ಅವರ ‘ಪಥೇರ್ ಪಾಂಚಾಲಿ’ ತೆರೆಕಂಡಾಗ, ಕತ್ತಲೆಯಲ್ಲಿ ಗೀಚಿದ ಆ ಅಕ್ಷರಗಳು ಏನನ್ನು ಕಲಿಸಿದ್ದವೆಂಬುದು ಜಗತ್ತಿಗೆ ತಿಳಿಯಿತು.

ರಾಯ್ ಅವರು ಕಲ್ಕತ್ತೆಯಲ್ಲಿ ಹೀಗೆ ಅಭ್ಯಾಸ ಮಾಡುತ್ತಿದ್ದ 1940ರ ದಶಕದಲ್ಲಿಯೇ ದೂರದ ಪ್ಯಾರಿಸ್ಸಿನಲ್ಲಿ ಫ್ರಾನ್ಸುವಾ ತ್ರುಫೊ ಎಂಬ ಬಾಲಕನು ಸಿನಿಮಾದ ಬಲೆಗೆ ಬಿದ್ದಿದ್ದನು. ಮನೆಯಲ್ಲಿ ಅಕ್ಕರೆ ಕಡಿಮೆ. ಶಾಲೆಯಲ್ಲಿ ಮನಸ್ಸು ನಿಲ್ಲದು. ಅವನು ತನ್ನ ಮೊದಮೊದಲ ಚಿತ್ರಗಳನ್ನೆಲ್ಲ ನೋಡಿದ್ದು ಕಳ್ಳತನದಲ್ಲಿ, ಶಾಲೆ ತಪ್ಪಿಸಿ, ಅನೇಕ ಸಲ ಟಿಕೆಟೂ ಇಲ್ಲದೆ. ಹಗಲು ಕದ್ದು ನೋಡಿದ ಚಿತ್ರಕ್ಕೇ ರಾತ್ರಿ ತಂದೆತಾಯಿಗಳು ಕರೆದೊಯ್ದರೆ, ಏನೂ ಅರಿಯದವನಂತೆ ಮತ್ತೊಮ್ಮೆ ನೋಡಬೇಕಾಗುತ್ತಿತ್ತು. ಆ ಸಂಕಟದಲ್ಲಿಯೇ ಅವನಿಗೊಂದು ಲಾಭವಾಯಿತು: ಕಥೆ ಮೊದಲೇ ತಿಳಿದಿದ್ದರಿಂದ, ಅದನ್ನು ಹೇಳಿದ ರೀತಿಯ ಕಡೆಗೆ ಕಣ್ಣು ಹರಿಯಿತು. ಚಿತ್ರದೊಳಗೇ ಹೊಕ್ಕುಬಿಡಬೇಕೆಂಬ ಆಸೆಯಿಂದ ಅವನು ದಿನದಿನಕ್ಕೂ ತೆರೆಯ ಹತ್ತಿರ ಹತ್ತಿರಕ್ಕೆ ಸರಿದು ಕೂರುತ್ತಿದ್ದನು. ಈ ಬಾಲಕನೇ ಬೆಳೆದು 1959ರಲ್ಲಿ, ಮನೆಗೂ ಶಾಲೆಗೂ ಬೇಡವಾದ ಹುಡುಗನೊಬ್ಬನ ಕಥೆಯನ್ನು ‘ದ ಫೋರ್ ಹಂಡ್ರೆಡ್ ಬ್ಲೋಸ್’ ಎಂಬ ಚಿತ್ರವಾಗಿ ಮಾಡಿದನು. ಶಾಲೆ ತಪ್ಪಿಸಿದ್ದು ಅನುಕರಣೀಯವಲ್ಲ. ಒಂದೇ ಚಿತ್ರವನ್ನು ಮತ್ತೆ ನೋಡಿ ಮತ್ತೇನನ್ನೋ ಕಂಡುಕೊಂಡದ್ದು ಮಾತ್ರ ಗಮನಾರ್ಹ.

ತ್ರುಫೊನಂಥವರಿಗೆ ಹಳೆಯ ಚಿತ್ರಗಳು ನೋಡಲು ದೊರೆತದ್ದು ಮತ್ತೊಬ್ಬ ಹುಚ್ಚನ ಕೃಪೆಯಿಂದ. ಹೆನ್ರಿ ಲಾಂಗ್ಲ್ವಾ ಎಂಬುವರು 1936ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಗೆಳೆಯರೊಡನೆ ‘ಸಿನೆಮಾತೆಕ್ ಫ್ರಾನ್ಸೇಸ್’ ಎಂಬ ಚಿತ್ರಸಂಗ್ರಹಾಲಯವನ್ನು ಆರಂಭಿಸಿದರು. ಜನರು ಬೇಡವೆಂದು ಎಸೆಯುತ್ತಿದ್ದ ಮೂಕಚಿತ್ರಗಳ ರೀಲುಗಳನ್ನು ಅವರು ಹೊತ್ತು ತಂದು ಕೂಡಿಟ್ಟರು; ಜಾಗ ಸಾಲದೆ ಸ್ನಾನದ ತೊಟ್ಟಿಯಲ್ಲಿಯೂ ತುಂಬಿದ್ದರೆಂಬುದು ಪ್ರಸಿದ್ಧವಾದ ಮಾತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸ್ಸನ್ನು ಆಕ್ರಮಿಸಿದಾಗ ಅವರ ಕಣ್ಣಿಗೆ ಬೀಳದಂತೆ ಅನೇಕ ಚಿತ್ರಗಳನ್ನು ಅಡಗಿಸಿ ಉಳಿಸಿದರು. ಯುದ್ಧಾನಂತರ ಅವರ ಪುಟ್ಟ ಸಭಾಂಗಣದ ಮುಂದಿನ ಸಾಲುಗಳಲ್ಲಿ ಕುಳಿತ ತರುಣರಲ್ಲಿ ಹಲವರು ಮುಂದೆ ಹೆಸರಾಂತ ನಿರ್ದೇಶಕರಾದರು. 1968ರ ಫೆಬ್ರವರಿಯಲ್ಲಿ ಸರಕಾರವು ಲಾಂಗ್ಲ್ವಾ ಅವರನ್ನು ಅಧಿಕಾರದಿಂದ ತೆಗೆದಾಗ ಈ ಪ್ರೇಕ್ಷಕರೇ ಬೀದಿಗಿಳಿದರು. ಏಪ್ರಿಲ್ ತಿಂಗಳಿನಲ್ಲಿ ಸರಕಾರವು ಅವರನ್ನು ಮತ್ತೆ ನೇಮಿಸಬೇಕಾಯಿತು.

ಚಿತ್ರವನ್ನು ಹೀಗೆ ಉಳಿಸುವವನೊಬ್ಬನು ಭಾರತಕ್ಕೂ ಬೇಕಾಗಿದ್ದನು. ಅಂತಹವನು ದೊರೆತದ್ದು ತಿರುವನಂತಪುರದ ಬಾಲಕರ ಗುಂಪಿನಿಂದ. 1933ರಲ್ಲಿ ಹುಟ್ಟಿದ ಪಿ. ಕೆ. ನಾಯರ್ ಅವರು ಬಾಲ್ಯದಲ್ಲಿ ಚಿತ್ರಮಂದಿರದ ಬಿಳಿಯ ಮರಳಿನ ಮೇಲೆ ಮೈಚಾಚಿ ಪೌರಾಣಿಕ ಚಿತ್ರಗಳನ್ನು ನೋಡಿದವರು. ಟಿಕೆಟಿನ ತುಂಡುಗಳನ್ನು ಅವರು ಬಿಸುಡುತ್ತಿರಲಿಲ್ಲ. ತೂಕದ ಯಂತ್ರದಲ್ಲಿ ಕಾಸು ಹಾಕಿದರೆ ಬರುತ್ತಿದ್ದ, ನಟನಟಿಯರ ಚಿತ್ರವಿರುವ ಚೀಟಿಗಳನ್ನೂ ಕೂಡಿಡುತ್ತಿದ್ದರು. ತೂಕ ಎಷ್ಟಾಯಿತೆಂಬುದು ಮುಖ್ಯವಲ್ಲ, ಚೀಟಿಯಲ್ಲಿ ಯಾರ ಮುಖ ಬಂದಿತೆಂಬುದೇ ಮುಖ್ಯ. ಇಂತಹ ಹುಡುಗನ ಪೆಟ್ಟಿಗೆಯನ್ನು ಕಂಡು ಮನೆಯವರು ಕಸವೆಂದೇ ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ 1964ರಲ್ಲಿ ಭಾರತ ಸರಕಾರವು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸ್ಥಾಪಿಸಿದಾಗ, ಅದನ್ನು ಕಟ್ಟಿ ಬೆಳೆಸಿದ ಕೈ ಇದೇ ಹುಡುಗನದು. ನಾಯರ್ ಅವರು 1991ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅಲ್ಲಿ ಸುಮಾರು 12,000 ಚಿತ್ರಗಳು ಸೇರಿದ್ದವು. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913), ‘ಕಾಳಿಯಮರ್ದನ’ (1919) ಚಿತ್ರಗಳ ಉಳಿದ ಭಾಗಗಳು ಅವರ ಪರಿಶ್ರಮದಿಂದಲೇ ಸಂಗ್ರಹಾಲಯವನ್ನು ಸೇರಿದವು. ಸಂಗ್ರಹಾಲಯದಲ್ಲಿಯೂ ಅವರ ಬಾಲ್ಯದ ನೇಮವು ತಪ್ಪಲಿಲ್ಲ. ಕತ್ತಲೆಯಲ್ಲಿ ಕುಳಿತು, ಪುಟ್ಟ ಟಾರ್ಚಿನ ಬೆಳಕಿನಲ್ಲಿ, ಚಿಕ್ಕ ಚಿಕ್ಕ ಡೈರಿಗಳಲ್ಲಿ ಚಿತ್ರದ ವಿವರಗಳನ್ನು ಬರೆದುಕೊಳ್ಳುತ್ತಲೇ ಇರುತ್ತಿದ್ದರು. ಅವರು 2016ರಲ್ಲಿ ನಿಧನ ಹೊಂದಿದರು.

ಇಷ್ಟು ಕಷ್ಟಪಟ್ಟು ಕೂಡಿಡುವ ಅಗತ್ಯವೇನಿತ್ತೆಂದು ಕೇಳಬಹುದು. ಆರಂಭಕಾಲದ ಫಿಲ್ಮು ನೈಟ್ರೇಟ್ ಎಂಬ ದ್ರವ್ಯದಿಂದ ತಯಾರಾದದ್ದು. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಅದರ ಉರಿ ಆರುವುದಿಲ್ಲ. ಹೊತ್ತದೆ ಉಳಿದರೂ ಸೆಕೆಯಲ್ಲಿ ಕೊಳೆತು ಅಂಟಾಗಿ, ಕೊನೆಗೆ ಪುಡಿಯಾಗುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ನೂರಾರು ಹಳೆಯ ಚಿತ್ರಗಳ ಮೂಲಪ್ರತಿಗಳು ನಾಶವಾದವು. ಬೆಂಕಿಗಿಂತ ಲೋಭವು ಮಾಡಿದ ಹಾನಿಯೂ ಕಡಿಮೆಯಲ್ಲ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುತ್ತದೆ. ಓಟ ಮುಗಿದ ಚಿತ್ರಗಳನ್ನು ಕೊಂಡು, ತೊಳೆದು, ಬೆಳ್ಳಿಯನ್ನು ತೆಗೆದುಕೊಳ್ಳುವ ವ್ಯಾಪಾರವೇ ನಡೆಯುತ್ತಿತ್ತು. ಬೆಳ್ಳಿತೆರೆಯ ಮೇಲೆ ಮೆರೆದದ್ದು ಕಡೆಗೆ ಬೆಳ್ಳಿಗಾಗಿಯೇ ಅಳಿಯಿತು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಚಿತ್ರಗಳಲ್ಲಿ ಉಳಿದವು ಕೆಲವೇ ಕೆಲವು. ದೇಶದ ಮೊದಲ ವಾಕ್ಚಿತ್ರವಾದ ‘ಆಲಂ ಆರಾ’ (1931) ಇಂದು ಎಲ್ಲಿಯೂ ದೊರೆಯದು.

ಈ ನಷ್ಟದಲ್ಲಿ ಕನ್ನಡಕ್ಕೂ ಪಾಲಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ವೈ. ವಿ. ರಾವ್ ಅವರು ಅದನ್ನು ನಿರ್ದೇಶಿಸಿದರು. ರಂಗಭೂಮಿಯಲ್ಲಿ ಹೆಸರಾದ ಎಂ. ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್ ಅವರು ಇಂದ್ರಜಿತು, ರಾವಣರಾಗಿ ಅಭಿನಯಿಸಿದರು. ತ್ರಿಪುರಾಂಬ ಅವರು ಸುಲೋಚನೆಯಾದರು. ತೆರೆಯು ಕನ್ನಡವನ್ನಾಡಿದ್ದನ್ನು ಅಂದು ಜನರು ಕಿವಿಯಾರೆ ಕೇಳಿದರು. ಇಂದು ಅದನ್ನು ನೋಡಬೇಕೆಂದರೆ ಒಂದು ಪ್ರತಿಯೂ ಇಲ್ಲ. ಕನ್ನಡವು ತೆರೆಯ ಮೇಲೆ ಮೊದಲು ಹೇಗೆ ನುಡಿಯಿತೆಂಬುದನ್ನು ಇನ್ನು ಯಾರೂ ಕೇಳಲಾರರು.

ಹೀಗೆ ಕಳೆದುಹೋದ ಚಿತ್ರಗಳ ವಿಷಯವನ್ನು ತಿಳಿಯಬೇಕಾದವರು ಯಾರ ಬಾಗಿಲಿಗೆ ಹೋಗಬೇಕು? ಆ ಸಿನಿಮಾ ಹುಚ್ಚರ ಬಾಗಿಲಿಗೇ. ಅವರ ಪೆಟ್ಟಿಗೆಯ ತಳದ ಹಾಡಿನ ಪುಸ್ತಕ, ಗೋಡೆಯಿಂದ ಬಿಡಿಸಿ ತಂದ ಭಿತ್ತಿಪತ್ರ, ದಿನಚರಿಯ ತೇದಿ, ಇವೇ ಚರಿತ್ರಕಾರನಿಗೆ ಶಾಸನಗಳು. ಹಾಡಿನ ಪುಸ್ತಕದಲ್ಲಿ ನಟರ ಹೆಸರುಗಳಿರುತ್ತಿದ್ದವು, ಹಾಡುಗಳಿರುತ್ತಿದ್ದವು, ಕಥಾಸಾರಾಂಶವೂ ಇರುತ್ತಿತ್ತು. ಆದರೆ ಕಥೆಯನ್ನು ಪೂರ್ತಿ ಹೇಳದೆ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕೆಂದು ವಿನಂತಿಸಿ ನಿಲ್ಲಿಸುವುದು ವಾಡಿಕೆ. ಉಳಿದ ಚಿತ್ರದ ಪುಸ್ತಕದಲ್ಲಿ ಈ ವಿನಂತಿಯನ್ನು ಓದಿದರೆ ನಗು ಬರುತ್ತದೆ. ಅಳಿದ ಚಿತ್ರದ ಪುಸ್ತಕದಲ್ಲಿ ಓದಿದರೆ ಮನಸ್ಸು ಭಾರವಾಗುತ್ತದೆ. ನೋಡಬೇಕಾದ ಬೆಳ್ಳಿತೆರೆಯಲ್ಲಿ ಆ ಚಿತ್ರವೇ ಇಲ್ಲ. ಉಳಿದಿರುವುದು ಎರಡು ಕಾಸಿಗೆ ಕೊಂಡು ಯಾರೋ ಜೋಪಾನಮಾಡಿದ ಆ ಪುಸ್ತಕವೊಂದೇ.

ಇಂತಹ ತದೇಕದೃಷ್ಟಿಯು ನಗರವಾಸಿಗಳ, ವಿದ್ಯಾವಂತರ ಸೊತ್ತು ಎಂದು ಭಾವಿಸಬಾರದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಣ ಸಣ್ಣ ಹಳ್ಳಿ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ ನಾಟಕಸಂಘವು ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಚಿತ್ರಸಮಾಜವನ್ನೂ ಆರಂಭಿಸಿತು. ‘ಪಥೇರ್ ಪಾಂಚಾಲಿ’, ಇಟಲಿಯ ‘ಬೈಸಿಕಲ್ ಥೀವ್ಸ್’, ಜಪಾನಿನ ‘ರಾಶೋಮಾನ್’ ಮೊದಲಾದ ಚಿತ್ರಗಳನ್ನು ಹಳ್ಳಿಯ ಜನ ಕುಳಿತು ನೋಡಿದರು. ಪುಣೆಯಿಂದ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಅವರೂ ನಾಯರ್ ಅವರೂ ಬಂದು ಚಿತ್ರವನ್ನು ನೋಡುವ ಬಗೆಯನ್ನು ಕುರಿತು ಪಾಠ ಹೇಳಿದರು. ಜಪಾನೀ ಭಾಷೆಯ ಒಂದಕ್ಷರವೂ ಬಾರದ ತೋಟಿಗರು, ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ‘ರಾಶೋಮಾನ್’ ಚಿತ್ರವನ್ನು ತಮ್ಮ ಊರಿನ ಪಂಚಾಯಿತಿಕೆಗಳ ಅನುಭವದಿಂದಲೇ ಅರ್ಥಮಾಡಿಕೊಳ್ಳಬಲ್ಲವರಾಗಿದ್ದರು. ಕಳ್ಳತನವಾದ ಬೈಸಿಕಲ್ಲಿಗಾಗಿ ಅಲೆಯುವ ಬಡವನ ದುಃಖಕ್ಕೆ ಭಾಷಾಂತರ ಬೇಕಾಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ನ್ಯೂಯಾರ್ಕ್ ನಗರದ ಐವರು ಸಿನಿಮಾವ್ಯಸನಿಗಳನ್ನು ಕುರಿತು 2002ರಲ್ಲಿ ‘ಸಿನಿಮೇನಿಯಾ’ ಎಂಬ ಸಾಕ್ಷ್ಯಚಿತ್ರವು ಬಂದಿತು. ಅವರಿಗೆ ದಿನಕ್ಕೆ ಒಂದೆರಡು ಚಿತ್ರಗಳು ಸಾಲವು. ಒಂದು ಚಿತ್ರಮಂದಿರದಿಂದ ಇನ್ನೊಂದಕ್ಕೆ ಓಡುವ ವೇಳಾಪಟ್ಟಿಯೇ ಅವರ ಬದುಕು; ಆಟದ ನಡುವೆ ಎದ್ದು ಹೋಗುವ ಪ್ರಸಂಗ ಬಾರದಂತೆ ಆಹಾರವನ್ನೂ ಹೊಂದಿಸಿಕೊಂಡವರು ಅವರಲ್ಲಿದ್ದರು. ಉದ್ಯೋಗ, ಸ್ನೇಹ, ಸಂಸಾರಗಳೆಲ್ಲ ತೆರೆಯ ಹಿಂದೆ ಸರಿದುಹೋದ ಈ ಬಾಳು ನಗೆಯನ್ನೂ ಕನಿಕರವನ್ನೂ ಒಟ್ಟಿಗೇ ಹುಟ್ಟಿಸುತ್ತದೆ. ನಮ್ಮಲ್ಲಿಯೂ ನಟನ ಆಳೆತ್ತರದ ಚಿತ್ರಕ್ಕೆ ಕೊಡಗಟ್ಟಲೆ ಹಾಲೆರೆದು, ಆ ನಟನು ಅಭಿನಯಿಸಿದ ಚಿತ್ರವನ್ನು ಶಿಳ್ಳೆಯ ಸದ್ದಿನಲ್ಲಿ ಕೇಳಿಸಿಕೊಳ್ಳದೆಯೇ ಹೊರಬರುವವರಿದ್ದಾರೆ. ಅಲ್ಲಿ ಆಚಾರವು ಉಳಿಯಿತು, ನೋಟವು ಅಳಿಯಿತು.

ಹಾಗಾದರೆ ಒಳ್ಳೆಯ ಹುಚ್ಚನ್ನೂ ಕೆಟ್ಟ ಹುಚ್ಚನ್ನೂ ಬೇರ್ಪಡಿಸುವ ಒರೆಗಲ್ಲು ಯಾವುದು? ಭಾರತೀಯ ಕಾವ್ಯಮೀಮಾಂಸೆಯು ಇದಕ್ಕೆ ಬಹುಕಾಲದ ಹಿಂದೆಯೇ ಉತ್ತರ ಹೇಳಿದೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ನಟನಿಗೆ ಮಾತ್ರವಲ್ಲದೆ ಪ್ರೇಕ್ಷಕನಿಗೂ ಲಕ್ಷಣಗಳನ್ನು ವಿಧಿಸಿದನು. ಪಾತ್ರವು ಸಂತೋಷಗೊಂಡಾಗ ತಾನೂ ಸಂತೋಷಗೊಂಡು, ದುಃಖಿಸಿದಾಗ ತಾನೂ ದುಃಖಿಸಿ, ಗುಣದೋಷಗಳನ್ನು ವಿವೇಚಿಸಬಲ್ಲವನೇ ಉತ್ತಮ ಪ್ರೇಕ್ಷಕನು. ಮುಂದಿನ ಆಲಂಕಾರಿಕರು ಇಂತಹವನನ್ನು ‘ಸಹೃದಯ’ನೆಂದು ಕರೆದರು. ಸಹೃದಯನು ಕಲೆಯಲ್ಲಿ ಮುಳುಗುತ್ತಾನೆ, ಆದರೆ ಮುಳುಗಿಹೋಗುವುದಿಲ್ಲ. ಕಂಡದ್ದನ್ನು ಹೊತ್ತು ಮೇಲೆ ಬರುತ್ತಾನೆ. ರಾಯ್ ಅವರ ಟಿಪ್ಪಣಿ, ತ್ರುಫೊನ ಎರಡನೆಯ ನೋಟ, ನಾಯರ್ ಅವರ ಟಾರ್ಚಿನ ಬೆಳಕು, ಇವೆಲ್ಲ ಹಾಗೆ ಮೇಲೆ ತಂದವುಗಳೇ.

ಇಂದು ನೋಡುವ ರೀತಿಯೇ ಬದಲಾಗಿದೆ. ಡೇರೆಗಳು ಮರೆಯಾದವು. ಚಿತ್ರಮಂದಿರಗಳಲ್ಲಿ ರೀಲಿನ ಬದಲು ಡಿಜಿಟಲ್ ಪ್ರದರ್ಶನ ಬಂದು, ಮೂಲೆಯ ಆ ಚುಕ್ಕೆಗೆ ಕೆಲಸವಿಲ್ಲವಾಯಿತು. ಒಂದು ಕಾಲದಲ್ಲಿ ಲಂಡನ್ನಿಗೋ ಪುಣೆಗೋ ಹೋಗಿ ನೋಡಬೇಕಾಗಿದ್ದ ಚಿತ್ರಗಳು ಈಗ ಅಂಗೈಯ ಮೊಬೈಲಿನಲ್ಲಿಯೇ ತೆರೆಯುತ್ತವೆ. ಇದು ಸಣ್ಣ ಭಾಗ್ಯವಲ್ಲ. ಆದರೆ ಬೇಸರವಾದೊಡನೆ ದೃಶ್ಯವನ್ನು ಹಾರಿಸಿ, ವೇಗವನ್ನು ಹೆಚ್ಚಿಸಿ, ನಡುನಡುವೆ ಸಂದೇಶಗಳನ್ನು ಓದುತ್ತ ಮುಗಿಸಿದ ಚಿತ್ರವನ್ನು ನೋಡಿದಂತಾಯಿತೇ? ಮರಳಿನ ಗೋಪುರದ ಮೇಲೆ ಕುಳಿತು, ರೀಲು ಬದಲಾಗುವವರೆಗೂ ಕಾದು, ಒಂದೇ ಆಟವನ್ನು ಬಾಳೆಲ್ಲ ನೆನೆದವನಿಗಿಂತ ಸಾವಿರ ಚಿತ್ರಗಳನ್ನು ಬೆರಳಿನಿಂದ ಸರಿಸಿದವನು ಹೆಚ್ಚು ಕಂಡನೆಂದು ಹೇಳುವುದು ಕಷ್ಟ.

ವಿದ್ಯಾರ್ಥಿಗಳು ಹಿಂದಿನ ಉಪಾಸಕರ ಎಲ್ಲ ನೇಮಗಳನ್ನೂ ಪಾಲಿಸಬೇಕಾಗಿಲ್ಲ. ಆದರೆ ಅವುಗಳಲ್ಲಿ ಎರಡನ್ನು ಉಳಿಸಿಕೊಳ್ಳುವುದು ಲೇಸು. ನೋಡಲು ಕುಳಿತ ಚಿತ್ರವನ್ನು ಮೊದಲಿನಿಂದ ಕೊನೆಯ ಹೆಸರು ಮೂಡುವವರೆಗೆ, ಬೇರೊಂದರ ಕಡೆಗೆ ಮನಸ್ಸು ಕೊಡದೆ ನೋಡುವುದು ಒಂದು. ನೋಡಿ ಬಂದ ಮೇಲೆ ಒಂದು ಪುಸ್ತಕದಲ್ಲಿ ಚಿತ್ರದ ಹೆಸರು, ನೋಡಿದ ದಿನ, ಊರು, ತಾನು ಕಂಡ ಒಂದು ವಿಶೇಷ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದಿಡುವುದು ಇನ್ನೊಂದು. ಮೊದಲನೆಯದರಿಂದ ಕಣ್ಣು ಹರಿತವಾಗುತ್ತದೆ. ಎರಡನೆಯದರ ಫಲವು ಬರೆದವನಿಗೇ ದೊರೆಯಬೇಕೆಂದಿಲ್ಲ; ಐವತ್ತು ವರ್ಷಗಳ ಅನಂತರ, ಆ ಚಿತ್ರವನ್ನು ಎಂದೂ ನೋಡಲಾಗದ ಒಬ್ಬನು ಆ ಪುಸ್ತಕವನ್ನು ತೆರೆದು ಓದಬಹುದು.